ಬೆಳಗಿನ ಎರಡು ಸೆಕೆಂಡಿನ ಕರಕರ

ಪ್ರಶ್ನೆ: ಆರು ತಿಂಗಳ ಹಿಂದೆ 2013ರ ಸ್ವಿಫ್ಟ್ ಡೀಸೆಲ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಮೀಟರ್ 1.4 ಲಕ್ಷ ಕಿ.ಮೀ. ತೋರಿಸುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡ್ ಕರಕರ ಸದ್ದು ಬಂದು ನಿಂತುಹೋಗುತ್ತದೆ. ಟೈಮಿಂಗ್ ಚೈನ್ ಸವೆದಿದೆ, ಬದಲಿಸಿ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಬೆಲ್ಟಾದರೆ ಬದಲಿಸಬೇಕು, ಚೈನ್‌ಗೆ ಏನೂ ಆಗಲ್ಲ, ಓಡಿಸಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?
– ಓದುಗರು, ಹಾಸನ

ಉತ್ತರ: ಮೊದಲನೆಯವರ ಮಾತು ಕೇಳಿ. ಆದರೆ ಅವರು ಏನೇನು ಬದಲಿಸುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಎಷ್ಟೋ ಗಾಡಿಗಳು ಈ ಕೆಲಸಕ್ಕೆ ಎರಡನೇ ಸಲ ಗ್ಯಾರೇಜ್ ಹತ್ತುವುದು ಅರೆಬರೆ ರಿಪೇರಿಯಿಂದಲೇ.

ಎರಡನೆಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಹಳೆಯ ಮಾರುತಿ 800ರಲ್ಲಿ ರಬ್ಬರ್ ಬೆಲ್ಟ್ ಇತ್ತು, ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕಿತ್ತು. ಚೈನ್‌ಗೆ ಹಾಗೆ ಗಡುವು ಹಾಕುವ ವಾಡಿಕೆ ಇಲ್ಲ. ಗಡುವಿಲ್ಲ ಎಂದಮಾತ್ರಕ್ಕೆ ಸವೆತವಿಲ್ಲ ಎಂದಲ್ಲ. ಚೈನ್ ಉದ್ದವಾಗುತ್ತದೆ ಅನ್ನುತ್ತಾರಲ್ಲ, ಉಕ್ಕಿನ ಪಟ್ಟಿ ಹಿಗ್ಗಿ ಹಾಗಾಗುವುದಿಲ್ಲ. ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಸವೆದು ಸಡಿಲಾಗುತ್ತವೆ. ನೂರು ಕೊಂಡಿಗಳಲ್ಲಿ ತಲಾ ಮಿಲಿಮೀಟರಿನ ನೂರನೇ ಒಂದು ಭಾಗ ಸವೆದರೂ ಒಟ್ಟು ಒಂದು ಮಿಲಿಮೀಟರ್ ಆಯಿತು. ಹೊಸ ಚೈನ್ ಬಂದ ದಿನ ಹಳೆಯದನ್ನೂ ಅದನ್ನೂ ಒಂದೇ ಮೊಳೆಗೆ ನೇತುಹಾಕಿಸಿ ನೋಡಿ, ಅಳತೆಪಟ್ಟಿ ಬೇಕಾಗುವುದಿಲ್ಲ. ಅಡ್ಡಲಾಗಿ ಹಿಡಿದರೆ ಹಳೆಯದು ಹೊಸದಕ್ಕಿಂತ ಹೆಚ್ಚು ಬಾಗುತ್ತದೆ.

ಈ ಸಡಿಲವನ್ನು ಬಿಗಿಮಾಡಲು ಟೆನ್ಷನರ್ ಇದೆ. ಎಂಜಿನ್ ಆಯಿಲ್‌ನ ಒತ್ತಡದಿಂದ ಅದರ ಕಡ್ಡಿ ಮುಂದೆ ಬಂದು, ಪ್ಲಾಸ್ಟಿಕ್ ಮೈಯ ಗೈಡನ್ನು ಚೈನ್‌ಗೆ ಒತ್ತಿ ಹಿಡಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆ ಆಯಿಲ್ ಕೆಳಗಿಳಿದಿರುತ್ತದೆ. ಪಂಪ್ ಮತ್ತೆ ಒತ್ತಡ ಕಟ್ಟುವವರೆಗೆ ಸಡಿಲ ಚೈನ್ ಗೈಡಿಗೂ ಕವರಿಗೂ ಬಡಿಯುತ್ತದೆ. ನಿಮಗೆ ಕೇಳಿಸುವುದು ಅದೇ. ಬಿಸಿ ಎಂಜಿನ್‌ನಲ್ಲೂ ಆ ಸದ್ದು ಬರತೊಡಗಿದರೆ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ನಿಮ್ಮ ಬಾನೆಟ್ಟಿನ ಕೆಳಗಿರುವುದು ಫಿಯಟ್ ಮೂಲದ 1248 ಸಿಸಿ ಮಲ್ಟಿಜೆಟ್. ಮಾರುತಿ ಅದನ್ನು ಡಿಡಿಐಎಸ್ ಎಂದಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. 2020ರಲ್ಲಿ ಮಾರುತಿ ಡೀಸೆಲ್ ಕೈಬಿಡುವವರೆಗೆ ಸ್ವಿಫ್ಟ್, ಡಿಜೈರ್‌ಗಳಲ್ಲಿ ಇದೇ ಓಡಿತು, ರಿಟ್ಜ್, ಎರ್ಟಿಗಾಗಳಲ್ಲೂ ಇದೇ ಇತ್ತು. ಹಾಗಾಗಿ ಇದನ್ನು ಬಿಚ್ಚಿ ಗೊತ್ತಿರುವ ಕೈಗಳು ಊರೂರಲ್ಲಿವೆ, ಬಿಡಿಭಾಗಕ್ಕೂ ಬರವಿಲ್ಲ. ಚೈನ್ ಇರುವುದು ಗೇರ್‌ಬಾಕ್ಸ್ ಇಲ್ಲದ ಬದಿಯಲ್ಲಿ, ಎಂಜಿನ್ ಇಳಿಸದೆ ಕೆಲಸ ಮುಗಿಯುತ್ತದೆ. ಬಿಎಂಡಬ್ಲ್ಯು ಎನ್47 ಡೀಸೆಲ್‌ನಲ್ಲಿ ಚೈನನ್ನು ಹಿಂದೆ, ಗೇರ್‌ಬಾಕ್ಸ್ ಕಡೆ ಇಟ್ಟಿದ್ದಾರೆ. ಅದರ ಮಾಲೀಕರ ಪಾಡು ಬೇರೆ.

ಮುಂದೂಡಿದರೆ ಏನಾಗುತ್ತದೆ? ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು, ಆ ಲೆಕ್ಕ ಕಾಯುವುದು ಚೈನ್. ಅದು ಹಲ್ಲು ಜಿಗಿದರೆ, ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಎರಡೂ ಡಿಕ್ಕಿ ಹೊಡೆದು ರಾಕರ್ ಮುರಿಯುತ್ತದೆ, ವಾಲ್ವ್ ಬಾಗುತ್ತದೆ. ಆಮೇಲೆ ಹೆಡ್ ಬಿಚ್ಚುವ ಕೆಲಸ. ಚೈನ್ ಖರ್ಚಿನ ಹಲವು ಪಟ್ಟು ಕೈಬಿಡುತ್ತದೆ. ಚೈನ್ ಬದಲಿಸುವವರೆಗೆ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ. ಆಯಿಲ್ ಒತ್ತಡವಿಲ್ಲದ ಹೊತ್ತಲ್ಲಿ ಚೈನ್‌ಗೆ ಬೀಳುವ ಜಗ್ಗು ಅದು.

ಬಿಚ್ಚುವ ಮೊದಲು ಮೂರು ಪರೀಕ್ಷೆ ಮಾಡಿಸಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರೂ ಇದೇ ಸದ್ದು ಬರಬಹುದು. ಸ್ಕ್ಯಾನರ್ ಹಾಕಿಸಿ, ಪಿ0016 ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಲೆಕ್ಕ ತಪ್ಪುತ್ತಿದೆ ಎಂದರ್ಥ. ಬರದಿದ್ದರೆ ಚೈನ್ ಸರಿಯಿದೆ ಎಂದುಕೊಳ್ಳಬೇಡಿ, ಸದ್ದು ಕೋಡಿಗಿಂತ ಮೊದಲೇ ಬರುವುದುಂಟು. ಮುಖ್ಯವಾಗಿ, ರಾತ್ರಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬೆಳಿಗ್ಗೆ ಅವರ ಕಿವಿಗೆ ಕೇಳಿಸಿ. ಹೊರಗಿನ ಬೆಲ್ಟಿನ ಪುಲ್ಲಿಯೂ ಕರಕರ ಅನ್ನಬಲ್ಲದು.

ಇನ್ನು ಕೆಲಸ. ಬರೀ ಚೈನ್ ಹಾಕಿಸಬೇಡಿ. ಹಳೆಯ ಚೈನ್‌ನ ಅಳತೆಗೆ ಸವೆದ ಸ್ಪ್ರಾಕೆಟ್ ಹಲ್ಲುಗಳು ಹೊಸ ಚೈನನ್ನೂ ಬೇಗ ತಿನ್ನುತ್ತವೆ. ಚೈನ್, ಎರಡೂ ಗೈಡ್, ಟೆನ್ಷನರ್, ಸ್ಪ್ರಾಕೆಟ್‌ಗಳು, ಕ್ರ್ಯಾಂಕ್ ಆಯಿಲ್ ಸೀಲ್ ಒಟ್ಟಿಗೆ ಬರಲಿ. ಬಿಡಿಭಾಗದಲ್ಲಿ ಉಳಿತಾಯ ಹುಡುಕಿ ಡುಪ್ಲಿಕೇಟ್‌ಗೆ ಹೋಗಬೇಡಿ. ಮುಂದಿನ ಕವರ್ ತೆಗೆಯಲು ಕೆಳಗಿನ ಆಯಿಲ್ ಪ್ಯಾನ್ ಇಳಿಸುತ್ತಾರೆ, ಆಗ ಎದುರಿಗೆ ನಿಂತು ಅದರ ತಳ ನೋಡಿ. ಕಪ್ಪು ಗಸಿಯಲ್ಲಿ ಪ್ಲಾಸ್ಟಿಕ್ ಚೂರುಗಳಿದ್ದರೆ ಅವು ಗೈಡಿನವು, ಆಯಿಲ್ ಹೀರುವ ಜಾಲರಿಯನ್ನೂ ತೊಳೆಸಬೇಕು. ಬಿಟ್ಟರೆ ಒತ್ತಡ ಕುಸಿದು ಹೊಸ ಟೆನ್ಷನರ್ ಸಹ ಸೋಲುತ್ತದೆ.

ಟೈಮಿಂಗ್ ಸೆಟ್ ಮಾಡಲು ಲಾಕಿಂಗ್ ಪಿನ್ ಇದೆಯೇ ಎಂದು ಮೊದಲೇ ಕೇಳಿ. ಪೇಂಟ್ ಗುರುತು ಹಾಕಿ ಅಂದಾಜಿಗೆ ಕೂರಿಸುವವರ ಕೈಗೆ ಕೊಡಬೇಡಿ. ಜೋಡಿಸಿದ ಮೇಲೆ ಸೆಲ್ಫ್ ಹೊಡೆಯುವ ಮೊದಲು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಬೇಕು.

ನಿಮ್ಮ ಚೈನ್ ಇಷ್ಟು ಬೇಗ ಸವೆದದ್ದು ಯಾಕೆ? ಹಿಂದಿನ ಮಾಲೀಕರು ಆಯಿಲ್ ಬದಲಿಸುವುದನ್ನು ಮುಂದೂಡಿರಬಹುದು. ಡೀಸೆಲ್ ಮಸಿ ತುಂಬಿದ ಆಯಿಲ್ ಪಿನ್ನುಗಳನ್ನು ಉಜ್ಜುತ್ತದೆ. ಅಥವಾ ಟ್ಯಾಕ್ಸಿಯಾಗಿ ಓಡಿದ ಗಾಡಿಯ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿರಬಹುದು. ಸರ್ವಿಸ್ ದಾಖಲೆ ಸಿಕ್ಕರೆ ತೆಗೆಸಿ ನೋಡಿ. ಇನ್ನು ಮುಂದೆ 10,000 ಕಿ.ಮೀ.ಗೆ ಕಾಯದೆ 7–8 ಸಾವಿರಕ್ಕೇ ಆಯಿಲ್, ಫಿಲ್ಟರ್ ಬದಲಿಸಿ.

ಹೊಸ ಟೆನ್ಷನರ್‌ಗೆ ಆಯಿಲ್ ತುಂಬುವವರೆಗೆ ಮೊದಲ ಸ್ಟಾರ್ಟಿನಲ್ಲಿ ಸ್ವಲ್ಪ ಸದ್ದು ಬರುವುದು ಸಹಜ, ಗಾಬರಿ ಬೇಡ. ಮರುದಿನ ಬೆಳಿಗ್ಗೆಯೂ ಬಂದರೆ ಗಾಡಿಯನ್ನು ಅವರ ಅಂಗಳಕ್ಕೇ ವಾಪಸ್ ಒಯ್ಯಿರಿ.