ಮೂರು ಶಿಖರಗಳಿಗೆ ಒಂದು ಪ್ರದಕ್ಷಿಣೆ

ಪರ್ವತವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ದುರ್ಗಮವಾದ ಆರೋಹಣದ ಚಿತ್ರ. ಆದರೆ ಪರ್ವತಾರೋಹಣದ ಅಭ್ಯಾಸವಿಲ್ಲದವರೂ ಅರ್ಧ ದಿನದಲ್ಲಿ ಸುತ್ತಿಬರಬಹುದಾದ ಹಾದಿಯೊಂದು ಇಟಲಿಯ ಈಶಾನ್ಯದ ಆಲ್ಪ್ಸ್ ಶ್ರೇಣಿಯಲ್ಲಿದೆ. ಅಲ್ಲಿ ‘ತ್ರೆ ಚೀಮೆ’, ಎಂದರೆ ‘ಮೂರು ಶಿಖರಗಳು’, ಒಂದರ ಮಗ್ಗುಲಲ್ಲೊಂದು ನಿಂತಿವೆ. ಅವುಗಳನ್ನು ಬಳಸಿಬರುವ ಹಾದಿಯ ಉದ್ದ ಸುಮಾರು 10 ಕಿಲೋಮೀಟರುಗಳು. ಇದರ ಉತ್ತರಭಾಗವು 1981ರಲ್ಲಿ ಸ್ಥಾಪಿತವಾದ ನಿಸರ್ಗೋದ್ಯಾನದೊಳಗೆ ಸಾಗುತ್ತದೆ.

ಶಿಖರಗಳ ದಕ್ಷಿಣಕ್ಕೆ, 2,320 ಮೀಟರು ಎತ್ತರದಲ್ಲಿರುವ ಔರೊಂಜೊ ತಂಗುಮನೆಯಿಂದ ನಾವು ಹೊರಡೋಣ. ಹಾದಿ ಬಹುಮಟ್ಟಿಗೆ ಸಮತಟ್ಟಾಗಿ ಪೂರ್ವಕ್ಕೆ ಸಾಗಿ, ಕೊನೆಗೆ ಸ್ವಲ್ಪ ಏರಿ, 2,454 ಮೀಟರು ಎತ್ತರದ ಲವರೇದೊ ಕಣಿವೆಬಾಯಿಯನ್ನು ಸೇರುತ್ತದೆ. ಅದನ್ನು ದಾಟಿ ತಿರುಗಿ ನೋಡಿದರೆ ಉತ್ತರದ ಗೋಡೆಗಳು ನಮಗೆ ಗೋಚರಿಸುತ್ತವೆ. ನಡುವಣ ಶಿಖರದ ಎತ್ತರ 2,999 ಮೀಟರುಗಳು. ಅದರ ಉತ್ತರಮುಖವು ಸುಮಾರು 500 ಮೀಟರುಗಳಷ್ಟು ನೆಟ್ಟಗೆ ಕೆಳಗಿಳಿದಿದೆ. ಈ ಶಿಖರವನ್ನು ಪೌಲ್ ಗ್ರೋಮನ್ ಇಬ್ಬರು ಮಾರ್ಗದರ್ಶಕರೊಡನೆ ಮೊದಲು ಏರಿದುದು 1869ರಲ್ಲಿ; ಉತ್ತರದ ಗೋಡೆ ಮಾನವನಿಗೆ ವಶವಾದುದು 1933ರಲ್ಲಿ.

ಇಂತಹ ಭಯಂಕರ ಗೋಡೆಗಳ ಬುಡದಲ್ಲಿ ಇಷ್ಟು ಸುಗಮವಾದ ಹಾದಿ ಹೇಗೆ ಉಂಟಾಯಿತು? ಶಿಖರಗಳ ಶಿಲೆ ಗಡುಸಾದುದು. ಅದು ಸೀಳಿದರೆ ಲಂಬವಾಗಿ ಸೀಳುತ್ತದೆ. ಅದರ ಕೆಳಗಿರುವುದು ಜೇಡಿ ಬೆರೆತ ಮಿದುವಾದ ಸ್ತರ. ಮಳೆ, ಮಂಜುಗಳಿಗೆ ಅದು ಬೇಗನೆ ಸವೆದು ಇಳಿಜಾರಾಗುತ್ತದೆ. ನಡೆಯುವವರಿಗೆ ಆಸರೆ ಕೊಟ್ಟಿರುವುದು ಈ ದುರ್ಬಲ ಸ್ತರವೇ.

ಮೇಲಿನ ಗಡುಸು ಶಿಲೆಯ ಹೆಸರು ಡಾಲಮೈಟ್. ಸುಣ್ಣಕಲ್ಲಿನಂತೆ ಕಂಡರೂ ದುರ್ಬಲಗೊಳಿಸಿದ ಆಮ್ಲವನ್ನು ಹನಿಸಿದಾಗ ಇದು ಅದರಷ್ಟು ನೊರೆಯೇಳದು ಎಂಬುದನ್ನು ಫ್ರಾನ್ಸಿನ ದೊಲೊಮ್ಯೂ 1791ರಲ್ಲಿ ವರ್ಣಿಸಿದನು. ಮರುವರ್ಷ ಅವನ ಹೆಸರೇ ಶಿಲೆಗೆ ಬಂದಿತು. ಸುಣ್ಣಕಲ್ಲಿನಲ್ಲಿ ಪ್ರಧಾನವಾದುದು ಕ್ಯಾಲ್ಸಿಯಮ್ ಕಾರ್ಬೊನೇಟ್. ಡಾಲಮೈಟಿನಲ್ಲಿ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್‌ಗಳು ಪದರ ಬಿಟ್ಟು ಪದರವಾಗಿ ಅಳವಟ್ಟಿವೆ.

ಇಲ್ಲಿಯೇ ಒಂದು ಒಗಟು ಅಡಗಿದೆ. ಪ್ರಾಚೀನ ಶಿಲೆಗಳಲ್ಲಿ ಡಾಲಮೈಟ್ ಪರ್ವತೋಪಾದಿಯಲ್ಲಿದೆ. ಇಂದಿನ ಸಮುದ್ರಗಳಲ್ಲಿ ಅದು ಬೆಳೆಯುವುದು ಅತಿ ವಿರಳ. ಪ್ರಯೋಗಶಾಲೆಯಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ಅದನ್ನು ಬೆಳೆಸುವ ಪ್ರಯತ್ನಗಳು ಬಹುಕಾಲ ವಿಫಲವಾದುವು. ಎರಡು ಧಾತುಗಳ ಕಣಗಳು ತಮ್ಮ ಸ್ಥಾನ ತಪ್ಪಿ ಕೂರುವುದರಿಂದ ಹರಳಿನ ಬೆಳವಣಿಗೆ ನಿಂತುಹೋಗುತ್ತದೆ.

2023ರಲ್ಲಿ ಅಮೆರಿಕ ಮತ್ತು ಜಪಾನುಗಳ ವಿಜ್ಞಾನಿಗಳು ಇದಕ್ಕೊಂದು ಉತ್ತರವನ್ನು ಪ್ರಕಟಿಸಿದರು. ಹರಳನ್ನು ಆಗಾಗ್ಗೆ ಸ್ವಲ್ಪ ಕರಗಿಸಿದರೆ ತಪ್ಪಾಗಿ ಕುಳಿತ ಕಣಗಳೇ ಮೊದಲು ಕರಗುತ್ತವೆ. ಆ ಜಾಗದಲ್ಲಿ ಸರಿಯಾದ ಕಣಗಳು ನೆಲೆಗೊಳ್ಳುತ್ತವೆ. ಎಲೆಕ್ಟ್ರಾನ್ ಕಿರಣವನ್ನು ಎರಡು ಗಂಟೆಗಳಲ್ಲಿ 4,000 ಸಲ ಮಿಡಿಸಿ ಹೀಗೆ ಕರಗಿಸಿದಾಗ ಸುಮಾರು 300 ಪದರಗಳು ಬೆಳೆದುವು. ಅದಕ್ಕೆ ಮುಂಚೆ ಐದು ಪದರಗಳನ್ನು ಮೀರಿಸಲಾಗಿರಲಿಲ್ಲ.

ಈಗ ನಮ್ಮ ಶಿಖರಗಳತ್ತ ಮತ್ತೊಮ್ಮೆ ನೋಡೋಣ. ಇವುಗಳ ಶಿಲೆ 20 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಬೆಚ್ಚಗಿನ ಸಮುದ್ರದ ಉಬ್ಬರವಿಳಿತದ ಬಯಲುಗಳಲ್ಲಿ ಸಂಚಯವಾದುದು. ನೀರು ಬರುವುದು, ಹೋಗುವುದು. ಬಯಲು ನೆನೆಯುವುದು, ಒಣಗುವುದು. ಕರಗುವಿಕೆ, ಬೆಳವಣಿಗೆಗಳ ಸರದಿಗೆ ಇಂತಹ ತಾಣವು ಅನುಕೂಲವೆಂಬುದು ಸ್ಪಷ್ಟ. ಮುಂದೆ ಆಫ್ರಿಕ, ಯೂರೋಪುಗಳ ಭೂಫಲಕಗಳು ಒಂದನ್ನೊಂದು ಒತ್ತಿದಾಗ ಆ ಸಮುದ್ರತಳವೇ ಮೇಲೆದ್ದು ಪರ್ವತವಾಯಿತು.

ಹಾದಿಯು ಲೊಕಾಟೆಲ್ಲಿ ತಂಗುಮನೆಯ ಬಳಿ ಪಶ್ಚಿಮಕ್ಕೆ ಹೊರಳಿ, ಇಳಿದು, ಹುಲ್ಲುಗಾವಲುಗಳ ನಡುವೆ ಮತ್ತೆ ಏರಿ, ಹೊರಟ ಸ್ಥಳಕ್ಕೇ ನಮ್ಮನ್ನು ತಂದು ಬಿಡುತ್ತದೆ. ನಾಲ್ಕು ಗಂಟೆಗಳಲ್ಲಿ ನಾವು ಸುತ್ತಿಬಂದುದು ಮೂರು ಬಂಡೆಗಳನ್ನಷ್ಟೇ ಅಲ್ಲ, ಒಂದು ಪುರಾತನ ಕಡಲತೀರವನ್ನು.