ಪಗಾರ ಚೀಟಿ ಇಲ್ಲದವರಿಗೆ ಗೃಹಸಾಲ: ಒಂದು ಲೆಕ್ಕ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ



ನಮ್ಮ ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಿಂದ ಮಿಲ್ಲು ಇದೆ. ಆದ್ದರಿಂದ ಇಲ್ಲಿಯ ಹಿರಿಯರಿಗೆ ‘ನೌಕರಿ’ ಎಂದರೆ ತಿಂಗಳಿಗೊಮ್ಮೆ ಬರುವ ಪಗಾರ. ಬ್ಯಾಂಕಿಗೂ ಅದೇ ಇಷ್ಟ. ಆದರೆ ಈಗ ನಮ್ಮ ಓಣಿಗಳಲ್ಲಿ ಗ್ಯಾರೇಜ್, ಹೊಲಿಗೆ, ಮೊಬೈಲ್ ರಿಪೇರಿ, ಕರದಂಟಿನ ವ್ಯಾಪಾರ ಎಂದು ಸ್ವಂತ ಉದ್ಯೋಗ ಮಾಡುವವರೇ ಹೆಚ್ಚು ಕಾಣುತ್ತಾರೆ. ಇವರು ಮನೆ ಕೊಳ್ಳಲು ಸಾಲ ಕೇಳಿದರೆ ಬ್ಯಾಂಕು ಏನು ನೋಡುತ್ತದೆ? ನಮ್ಮ ಮನೆಯದೇ ಉದಾಹರಣೆ ತೆಗೆದುಕೊಂಡು ತಿಳಿಯೋಣ.

ನಮ್ಮ ಭಾಯಿ ಗುತ್ತಿಗೆ ಕೆಲಸ ಬಿಟ್ಟು ವೆಲ್ಡಿಂಗ್ ಅಂಗಡಿ ಹಾಕಿ ಒಂದು ವರ್ಷವಾಯಿತು. ನಾವಿರುವ ಬಾಡಿಗೆ ಮನೆಯನ್ನು ಮಾಲೀಕರು ಮಾರುತ್ತಾರಂತೆ. ಬೆಲೆ 12 ಲಕ್ಷ. ನಮ್ಮ ಉಳಿತಾಯ 2 ಲಕ್ಷ. ಕೊಳ್ಳದಿದ್ದರೆ ಬೇರೆ ಮನೆ ಹುಡುಕಬೇಕು.

1. ಆದಾಯವನ್ನು ತೋರಿಸುವುದು

ಸ್ವಂತ ಉದ್ಯೋಗದವರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ. ಒಂದು ವರ್ಷದ ಅಂಗಡಿಗೆ ಮೊದಲ ಅಡ್ಡಿ ಇದೇ.

ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯ ಪದ್ಧತಿ ಎಂಬ ಸೌಲಭ್ಯವಿದೆ. ಪೂರ್ತಿ ಲೆಕ್ಕಪುಸ್ತಕ ಇಡದೆ, ವಹಿವಾಟಿನ ಕನಿಷ್ಠ 8%ನ್ನು (ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ 6%ನ್ನು) ಲಾಭವೆಂದು ತೋರಿಸಬಹುದು. ಭಾಯಿಯ ವಾರ್ಷಿಕ ವಹಿವಾಟು 6 ಲಕ್ಷ. ಅದರ 8% ಎಂದರೆ 48,000. ಅಂದರೆ ಬ್ಯಾಂಕಿನ ಕಣ್ಣಿಗೆ ತಿಂಗಳ ಆದಾಯ ಬರೇ 4,000 ರೂಪಾಯಿ! ಇದಕ್ಕೆ ಯಾರೂ ಮನೆ ಸಾಲ ಕೊಡುವುದಿಲ್ಲ.

ಆದರೆ 8% ಎಂಬುದು ಕನಿಷ್ಠ ಮಿತಿ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ಕಬ್ಬಿಣ, ಕರೆಂಟು, ಅಂಗಡಿ ಬಾಡಿಗೆ ಎಲ್ಲ ಕಳೆದು ಭಾಯಿಗೆ ಉಳಿಯುವುದು 2,40,000, ಅಂದರೆ ತಿಂಗಳಿಗೆ 20,000. ಇದನ್ನು ತೋರಿಸಿದರೂ ತೆರಿಗೆ ಬೀಳುವುದಿಲ್ಲ. ಏಕೆಂದರೆ ಹಳೆಯ ಪದ್ಧತಿಯಲ್ಲಿಯೂ 2.5 ಲಕ್ಷದವರೆಗೆ ತೆರಿಗೆ ಇಲ್ಲ. ಕಡಿಮೆ ತೋರಿಸಿದರೆ ಒಂದು ಪೈಸೆಯ ಲಾಭವಿಲ್ಲ, ಸಾಲದ ಅರ್ಹತೆ ಮಾತ್ರ ಹೋಗುತ್ತದೆ. ಗಿರಾಕಿಗಳ ಹಣ ಖಾತೆಗೇ ಬರುವಂತೆ ಮಾಡಿದರೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ ಹೇಳುತ್ತದೆ. ಉದ್ಯಮ್ ನೋಂದಣಿಯೂ ಉಚಿತ. ಅಂಗಡಿ ಎಂದಿನಿಂದ ಇದೆ ಎಂಬುದಕ್ಕೆ ಅದೂ ಒಂದು ದಾಖಲೆ.

2. ಎಷ್ಟು ಸಾಲ ಸಿಗಬಹುದು?

ಎರಡು ಮಿತಿಗಳಿವೆ. ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ.

ಮೊದಲನೆಯದು ಮನೆಯ ಮೌಲ್ಯದ ಮಿತಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ 90% ಮೀರುವಂತಿಲ್ಲ. 12 ಲಕ್ಷಕ್ಕೆ ಇದು 10.80 ಲಕ್ಷ.

ಎರಡನೆಯದು ತೀರಿಸುವ ಶಕ್ತಿ. ಆದಾಯದ 40% ಕಂತಿಗೆ ಹೋಗಬಹುದು ಎಂದು ಹಿಡಿಯೋಣ. 20,000ಕ್ಕೆ 8,000. ಬಡ್ಡಿ 9%, ಅವಧಿ 20 ವರ್ಷ ಎಂದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. 8,000ಕ್ಕೆ ಸಿಗುವುದು ಸುಮಾರು 8.89 ಲಕ್ಷ. ನಮಗೆ ಬೇಕಾದದ್ದು 10 ಲಕ್ಷ.

ಇಲ್ಲಿ ಸಹ-ಅರ್ಜಿದಾರರು ನೆರವಿಗೆ ಬರುತ್ತಾರೆ. ಅಮ್ಮಿ ಹೊಲಿಗೆಯಿಂದ ತಿಂಗಳಿಗೆ 4,000 ಗಳಿಸುತ್ತಾರೆ. ಅವರೂ ರಿಟರ್ನ್ ಸಲ್ಲಿಸಿ ಜೊತೆಗೆ ಸಹಿ ಮಾಡಿದರೆ ಆದಾಯ 24,000, ಕಂತಿನ ಶಕ್ತಿ 9,600, ಸಾಲ ಸುಮಾರು 10.67 ಲಕ್ಷ. ಲೆಕ್ಕ ಕೂಡಿತು. ಆದರೆ ನೆನಪಿರಲಿ, ಸಹಿ ಮಾಡಿದವರಿಗೆ ಸಾಲದ ಹೊಣೆಯೂ ಪೂರ್ತಿ ಬರುತ್ತದೆ. ಇನ್ನು ಮನೆಯಲ್ಲಿ 2,500 ರೂಪಾಯಿಯ ಬೈಕ್ ಕಂತು ನಡೆಯುತ್ತಿದ್ದರೆ ಸಿಗುವ ಸಾಲದಲ್ಲಿ ಸುಮಾರು 2.78 ಲಕ್ಷ ಕಡಿಮೆಯಾಗುತ್ತದೆ. ಮನೆ ಬೇಕೆನ್ನುವವರು ಹೊಸ ಬೈಕನ್ನು ಮುಂದೂಡಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಕೈಯಿಂದಲೇ ಹಾಕಬೇಕು. ಇದಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬೇರೆ ಇಟ್ಟುಕೊಂಡಿರಬೇಕು. ನಮ್ಮ 2 ಲಕ್ಷ ಬೆಲೆಗೇ ಹೋಗುತ್ತದೆ.

3. ಕಂತಿನೊಳಗೆ ಏನಿದೆ?

10 ಲಕ್ಷಕ್ಕೆ ಕಂತು 8,997. ಮೊದಲ ತಿಂಗಳು ಇದರಲ್ಲಿ ಬಡ್ಡಿಯೇ 7,500. ಅಸಲು ತೀರುವುದು 1,497 ಮಾತ್ರ. 20 ವರ್ಷದಲ್ಲಿ ಒಟ್ಟು ಬಡ್ಡಿ ಸುಮಾರು 11.6 ಲಕ್ಷ, ಅಂದರೆ ಅಸಲಿಗಿಂತ ಹೆಚ್ಚು. 15 ವರ್ಷಕ್ಕಾದರೆ ಕಂತು 10,143, ಬಡ್ಡಿ ಸುಮಾರು 8.26 ಲಕ್ಷ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಆದ್ದರಿಂದ ಸುಗ್ಗಿಯ ತಿಂಗಳಲ್ಲಿ ಅಂಗಡಿಗೆ ಹೆಚ್ಚು ಗಳಿಕೆಯಾದರೆ ಅಸಲಿಗೆ ಕಟ್ಟುವುದು ಜಾಣತನ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕವಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು ಕೊಟ್ಟು ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು. ಆರು ತಿಂಗಳ ಕಂತಿನಷ್ಟು ಹಣ ಪಕ್ಕಕ್ಕಿಡದೆ ಸಾಲಕ್ಕೆ ಕೈಹಾಕಬಾರದು.

4. ಕಾಗದ ಪತ್ರ

ಉತಾರ, ಇ-ಸ್ವತ್ತು ಅಥವಾ ಇ-ಖಾತೆ, ಋಣಭಾರ ಪತ್ರ ಇವನ್ನು ಮೊದಲು ನೋಡಬೇಕು. ಪಂಚಾಯತಿ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸಾಲ ಸುಲಭ. 11ಬಿ ಇದ್ದರೆ ಕಷ್ಟ. ಸಾಲ ಮಂಜೂರಾಗುವ ಮೊದಲೇ ದೊಡ್ಡ ಇಸಾರ ಕೊಡಬಾರದು. ಕೊಟ್ಟರೂ ಸಾಲ ಸಿಗದಿದ್ದರೆ ಹಣ ಮರಳಿಸಬೇಕೆಂದು ಕರಾರು ಪತ್ರದಲ್ಲಿ ಬರೆಸಬೇಕು.

ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ವರ್ಷಕ್ಕೊಮ್ಮೆ ವರದಿ ಉಚಿತ. ಪಟ್ಟಣ ಪ್ರದೇಶದಲ್ಲಿ, ಎಲ್ಲಿಯೂ ಪಕ್ಕಾ ಮನೆ ಇಲ್ಲದ, 9 ಲಕ್ಷದೊಳಗಿನ ವಾರ್ಷಿಕ ಆದಾಯದ ಕುಟುಂಬಗಳು 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಹಾಯಧನವನ್ನು (ಗರಿಷ್ಠ 1.80 ಲಕ್ಷ) ಬ್ಯಾಂಕಿನಲ್ಲಿ ವಿಚಾರಿಸಬೇಕು.

5. ಬಡ್ಡಿ ಬೇಡ ಎನ್ನುವವರು

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಬಡ್ಡಿಯ ಸಾಲವೇ ಬೇಡ ಎನ್ನುವ ಹಿರಿಯರಿದ್ದಾರೆ. ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಹೀಗಾಗಿ ಅಂಥವರು ಭಿಶಿ, ಸಂಬಂಧಿಕರ ಕೈಗಡ, ಇಲ್ಲವೇ ಮೊದಲು ಜಾಗ ಕೊಂಡು ಒಂದೊಂದೇ ಕೋಣೆ ಕಟ್ಟುವ ದಾರಿ ಹಿಡಿಯುತ್ತಾರೆ. ಯಾವ ದಾರಿಯಾದರೂ ತಿಂಗಳ ಉಳಿಕೆಯ ಲೆಕ್ಕ ಇಲ್ಲದೆ ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಸದ್ಯಕ್ಕೆ ತೀರ್ಮಾನವಾದದ್ದು ಇಷ್ಟು: ಭಾಯಿ ಮತ್ತು ಅಮ್ಮಿ ಇಬ್ಬರೂ ಈ ವರ್ಷವೂ ಮುಂದಿನ ವರ್ಷವೂ ಸರಿಯಾದ ಆದಾಯ ತೋರಿಸಿ ರಿಟರ್ನ್ ಸಲ್ಲಿಸುವುದು, ನೋಂದಣಿ ಖರ್ಚಿಗೆ ತಿಂಗಳಿಗೆ 4,000 ಉಳಿಸುವುದು, ಅಲ್ಲಿಯವರೆಗೆ ಕಾಯುವಿರಾ ಎಂದು ಮಾಲೀಕರನ್ನು ಕೇಳುವುದು. ಅವರು ಕಾಯದೆ ಈ ಮನೆ ಕೈತಪ್ಪಿದರೂ ಆ ದಾಖಲೆ, ಆ ಉಳಿತಾಯ ಇನ್ನೊಂದು ಮನೆಗೆ ಬರುತ್ತದೆ. ನಿಮ್ಮ ಮನೆಯಲ್ಲಿಯೂ ಯಾರಾದರೂ ಹೊಸದಾಗಿ ಅಂಗಡಿ ಹಾಕಿದ್ದರೆ, ಸಾಲ ಬೇಕಾದಾಗ ನೋಡೋಣ ಎನ್ನದೆ ಮೊದಲ ವರ್ಷದಿಂದಲೇ ರಿಟರ್ನ್ ಸಲ್ಲಿಸಲು ಹೇಳಿ. ಆ ಲೆಕ್ಕ ಬರೆದುಕೊಡುವಷ್ಟು ವಾಣಿಜ್ಯ ನಮಗೆ ಬಂದೇ ಬರುತ್ತದೆ.