ಮೈಗಾಗುವ ಸೈಕಲ್ಲು

ಪ್ರಶ್ನೆ: ನನಗೆ 42 ವರ್ಷ. ತೀರ್ಥಹಳ್ಳಿ ಹತ್ತಿರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎತ್ತರ 5 ಅಡಿ 2 ಇಂಚು, ತೂಕ 54 ಕೆ.ಜಿ. ಎರಡು ವರ್ಷದಿಂದ ಮಗನ ಹಳೇ ಸೈಕಲ್ಲಿನಲ್ಲಿ ಬೆಳಿಗ್ಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಹೋಗಿ ಬರುತ್ತೇನೆ. ಡಿಸೆಂಬರಿನಲ್ಲಿ ನಾವು ಏಳು ಜನ ಸೇರಿ ಒಂದೇ ದಿನದಲ್ಲಿ 150 ಕಿ.ಮೀ. ಸುತ್ತುವ ಯೋಚನೆ ಮಾಡಿದ್ದೇವೆ. ತೀರ್ಥಹಳ್ಳಿಯಿಂದ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಮತ್ತೆ ಘಾಟಿ ಹತ್ತಿ ಶೃಂಗೇರಿ, ಕೊಪ್ಪ, ಊರು. ನಡುನಡುವೆ ತೋಟದ ಮಣ್ಣು ದಾರಿಗಳು. ಅದಕ್ಕೆ ಮೌಂಟನ್ ಬೈಕೇ ಬೇಕು ಅನ್ನುತ್ತಾರೆ. ಮೂರು ಸೈಕಲ್ಲು ಕಣ್ಣಮುಂದಿವೆ. ಒಂದು, ಊರಿನ ಅಂಗಡಿಯಲ್ಲಿರುವ, ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ 21 ಗೇರಿನದು, 18,000 ರೂಪಾಯಿ. ಎರಡು, ಶಿವಮೊಗ್ಗದಲ್ಲಿ ನೋಡಿದ 29 ಇಂಚು ಚಕ್ರದ, ಹಿಂದೆ ಹನ್ನೆರಡು ಗೇರಿನ ಮೀಡಿಯಂ ಸೈಜು, ರಿಯಾಯಿತಿ ಕಳೆದು 58,000. ಮೂರು, ಸಹೋದ್ಯೋಗಿಯ ತಂಗಿ ನಾಲ್ಕು ವರ್ಷ ಓಡಿಸಿ ಕೊಡಲು ಹೊರಟಿರುವ 27.5 ಇಂಚಿನ ಸ್ಮಾಲ್ ಸೈಜು, ಮುಂದೆ ಎರಡು ಹಿಂದೆ ಒಂಬತ್ತು ಗೇರು, 24,000. ಮನೆಯವರು ನಿನ್ನಿಷ್ಟ ಅಂದಿದ್ದಾರೆ. ಅತ್ತೆ ಮಾತ್ರ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅನ್ನುತ್ತಾರೆ. ಅಷ್ಟು ದುಡ್ಡು ಹಾಕಿ ಅರ್ಧ ದಾರಿಯಲ್ಲಿ ಕೂತುಬಿಟ್ಟರೆ ಏನು ಮುಖ ಹೊತ್ತು ಮನೆಗೆ ಬರಲಿ ಎಂಬುದೇ ನನ್ನ ಚಿಂತೆ.

ಉತ್ತರ: ಟೀಚರ್, ಮೂರನೆಯದನ್ನು ತಗೊಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರಿಯಾಯಿತಿ ಮುಗಿಯುತ್ತದೆ ಎಂಬ ಅವಸರಕ್ಕೆ ನೀವು ಈ ವಾರವೇ ಶಿವಮೊಗ್ಗದ ಬಸ್ಸು ಹತ್ತಿಬಿಡುತ್ತೀರೇನೋ ಎಂಬ ಭಯ ನನಗಿದೆ. ಆ 58,000ದ ಸೈಕಲ್ಲು ಒಳ್ಳೆಯದೇ. ಆದರೆ ನಿಮ್ಮದಲ್ಲ.

ನನ್ನದೊಂದು ಅನುಭವ ಹೇಳುತ್ತೇನೆ. ನನಗೂ ನಿಮ್ಮಷ್ಟೇ ಎತ್ತರ. ಮೊದಲ ಗೇರ್ ಸೈಕಲ್ಲು ಕೊಳ್ಳುವಾಗ ನನ್ನ ಸೈಜು ಖಾಲಿಯಾಗಿತ್ತು. ಮುಂದಿನ ಸೈಜಿಗೆ ಬೆಲೆ ಇಳಿಸಿದ್ದರು. ಅಂಗಡಿಯವರು ಸೀಟು ಕೆಳಗಿಳಿಸಿ, ಈಗ ಸರಿಹೋಯಿತು ನೋಡಿ ಅಂದರು. ಕಾಲು ನೆಲಕ್ಕೆ ತಾಗಿತು, ನಾನೂ ಒಪ್ಪಿದೆ. ಸೀಟು ಇಳಿಸಿದರೆ ಎತ್ತರ ಸರಿಹೋಗುತ್ತದೆ, ಸೀಟಿಗೂ ಹ್ಯಾಂಡಲ್ಲಿಗೂ ಇರುವ ದೂರ ಹಾಗೇ ಉಳಿಯುತ್ತದೆ ಎಂಬುದು ಅಂದು ಹೊಳೆಯಲಿಲ್ಲ. ಎರಡು ಗಂಟೆ ಓಡಿಸುವವರೆಗೆ ಏನೂ ಗೊತ್ತಾಗಲಿಲ್ಲ. ನೂರು ಕಿಲೋಮೀಟರಿನ ದಿನ ಮಾತ್ರ ಕೈ ಚಾಚಿಕೊಂಡೇ, ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕಿಕೊಂಡೇ ಹೋದೆ. ಸಂಜೆ ಉಂಗುರ ಬೆರಳು, ಕಿರುಬೆರಳು ಎರಡೂ ಮರಗಟ್ಟಿದ್ದವು. ಹತ್ತು ದಿನ ಸೀರೆಗೆ ಪಿನ್ನು ಹಾಕಿಕೊಳ್ಳಲು ಮಗಳನ್ನು ಕರೆಯಬೇಕಾಯಿತು. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯಲ್ಲಿ ಹಾದುಹೋಗುತ್ತದೆ. ಗಂಟೆಗಟ್ಟಲೆ ಹ್ಯಾಂಡಲ್ ಒತ್ತಿದರೆ ಅದೇ ಜಜ್ಜಿಹೋಗುವುದು.

ಆದ್ದರಿಂದ ದೂರದ ಸವಾರಿಗೆ ಸೈಕಲ್ ಆರಿಸುವಾಗ ನಾನು ಮೊದಲು ನೋಡುವುದು ಗೇರನ್ನಲ್ಲ, ಸ್ಪ್ರಿಂಗನ್ನಲ್ಲ, ಸೈಜನ್ನು. ಅಂಗಡಿ ಮುಂದೆ ಎರಡು ಸುತ್ತು ಹೊಡೆದರೆ ಎಲ್ಲ ಸೈಕಲ್ಲೂ ಹಾಯಾಗಿಯೇ ಇರುತ್ತದೆ. ಹತ್ತನೇ ಗಂಟೆಯಲ್ಲಿ ಕುತ್ತಿಗೆ, ಸೊಂಟ, ಅಂಗೈ ಏನನ್ನುತ್ತವೆ ಎಂಬುದೇ ಲೆಕ್ಕ. ಸಹೋದ್ಯೋಗಿಯ ತಂಗಿಯನ್ನು ಕೇಳಿ ಆ ಸೈಕಲ್ಲನ್ನು ಒಂದು ಭಾನುವಾರದ ಮಟ್ಟಿಗೆ ತನ್ನಿ. ಪೆಡಲನ್ನು ಕೆಳಗಿಳಿಸಿ ಅದರ ಮೇಲೆ ಹಿಮ್ಮಡಿ ಇಟ್ಟಾಗ ಮೊಣಕಾಲು ನೇರವಾಗುವಷ್ಟು ಸೀಟು ಏರಿಸಿ. ಮುಂಗಾಲಲ್ಲಿ ತುಳಿಯುವಾಗ ಆ ಕಾಲು ತುಸು ಬಾಗಿರುತ್ತದೆ, ಬೇಕಾದದ್ದು ಅದೇ. ಎರಡು ಗಂಟೆ ಓಡಿಸಿ. ಮೊಣಕೈ ಸಡಿಲವಾಗಿ ಮಡಿಚಿಕೊಂಡಿದೆಯೋ, ಇಲ್ಲ ಕೋಲಿನಂತೆ ಚಾಚಿದೆಯೋ ಗಮನಿಸಿ. ಚಾಚಿದ್ದರೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು ಗಿಡ್ಡದಕ್ಕೆ ಬದಲಿಸಬಹುದು. ಸ್ಮಾಲ್ ಸೈಜಿನಲ್ಲಿ ಅದರ ಅಗತ್ಯ ಬೀಳಲಾರದು.

29 ಇಂಚು ಚಕ್ರ ಕಲ್ಲು, ಬೇರುಗಳ ಮೇಲೆ ಸುಲಭವಾಗಿ ಉರುಳುತ್ತದೆ ಎಂದು ನಿಮಗೆ ಹೇಳಿರುತ್ತಾರೆ. ನಿಜ. ಆದರೆ ನಮ್ಮೆತ್ತರದವರಿಗೆ ಅದರಿಂದ ಹ್ಯಾಂಡಲ್ ಮೇಲಾಗುತ್ತದೆ, ತಿರುವಿನಲ್ಲಿ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗುವುದೂ ಉಂಟು. ಎಷ್ಟೋ ತಯಾರಕರು ಚಿಕ್ಕ ಸೈಜಿಗೆ 27.5 ಇಂಚನ್ನೇ ಹಾಕುವುದು ಇದಕ್ಕೇ.

ಇನ್ನು ಗೇರು. ನೀವು ಗಣಿತದವರು, ಇದನ್ನು ಲೆಕ್ಕವಾಗಿಯೇ ನೋಡಿ. ಮುಂದಿನ ಅತಿ ಚಿಕ್ಕ ಪಲ್ಲಚಕ್ರದ ಹಲ್ಲನ್ನು ಹಿಂದಿನ ಅತಿ ದೊಡ್ಡದರ ಹಲ್ಲಿನಿಂದ ಭಾಗಿಸಿ. ಬರುವ ಸಂಖ್ಯೆ ಚಿಕ್ಕದಾದಷ್ಟೂ ಏರು ಹಗುರ. 21 ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 24, ಹಿಂದೆ 28 ಇರುತ್ತದೆ: 0.86. ಹನ್ನೆರಡು ಗೇರಿನದರಲ್ಲಿ 32ಕ್ಕೆ 51, ಅಂದರೆ 0.63. ಮುಂದೆ ಎರಡು ಹಿಂದೆ ಒಂಬತ್ತರ ಸೈಕಲ್ಲಿನಲ್ಲಿ 22ಕ್ಕೆ 34 ಇದ್ದರೆ 0.65. ಹಲ್ಲುಗಳನ್ನು ನೀವೇ ಎಣಿಸಿ ನೋಡಿ, ಚಕ್ರದ ಮೇಲೆ ಅಂಕಿ ಕೊರೆದಿರುತ್ತದೆ. ಇಪ್ಪತ್ತೊಂದು ಗೇರು ಎಂಬ ದೊಡ್ಡ ಅಂಕಿ ಘಾಟಿಯಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೇಕಾಗುವುದು ಈ ಕೊನೆಯ ಒಂದು ಗೇರು. 0.65ರಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದು ಕಿ.ಮೀ. ಸಾಗುತ್ತೀರಿ. ನಡಿಗೆಯ ವೇಗ, ಆದರೆ ಉಸಿರು ಕಟ್ಟುವುದಿಲ್ಲ. 0.86ರಲ್ಲಿ ಅಷ್ಟೇ ಸುತ್ತಿಗೆ ಆರೂವರೆ ಕಿ.ಮೀ. ವೇಗ ಕಾಯ್ದುಕೊಳ್ಳಬೇಕು. ಸೋಮೇಶ್ವರದಿಂದ ಮೇಲೆ ಹದಿನಾಲ್ಕು ತಿರುವಿದೆ. ಐದಾರನೇ ತಿರುವಿಗೆ ತುಳಿತ ನಿಧಾನವಾಗುತ್ತದೆ, ಆ ಭಾರವೆಲ್ಲ ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ನಲವತ್ತು ದಾಟಿದ ಮೊಣಕಾಲನ್ನು ನಾವು ಕಾಪಾಡಿಕೊಳ್ಳಬೇಕು.

ಎರಡೂ ಕಡೆ ಸ್ಪ್ರಿಂಗಿನ ಸೈಕಲ್ ನೋಡಿದರೆ ಆಸೆಯಾಗುತ್ತದೆ, ನನಗೂ ಆಗಿತ್ತು. ಒಳ್ಳೆಯ ಹಿಂಬದಿ ಸಸ್ಪೆನ್ಷನ್ನಿಗೆ ಸ್ಪ್ರಿಂಗಿನ ಜೊತೆ ಅದರ ಜಿಗಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ವ್ಯವಸ್ಥೆ ಬೇಕು, ಅದರ ಬೆಲೆ ಬೇರೆಯೇ ಮಟ್ಟದ್ದು. ಹದಿನೆಂಟು ಸಾವಿರದ ಸೈಕಲ್ಲಿನಲ್ಲಿ ಇರುವುದು ಬರೀ ಸುರುಳಿ. ಪ್ರತಿ ತುಳಿತಕ್ಕೂ ಅದು ಕುಕ್ಕರಿಸಿ ಏಳುತ್ತದೆ, ಚಕ್ರಕ್ಕೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲನ್ನು ತಿನ್ನುತ್ತದೆ. ಮೇಲಾಗಿ ತೂಕ. ತೋಟದ ದಾರಿಯಲ್ಲಿ ಹಳ್ಳಕ್ಕೆ ಅಡಿಕೆ ದಬ್ಬೆಯ ಸಂಕ ಅಡ್ಡ ಬರುತ್ತದಲ್ಲ, ಅಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ದಾಟುವಾಗ ಒಂದೊಂದು ಕಿಲೋ ಕೂಡ ಗೊತ್ತಾಗುತ್ತದೆ. ಕೆನಡಾದ ಬ್ಯಾಂಫ್‌ನಿಂದ ಮೆಕ್ಸಿಕೋ ಗಡಿಯವರೆಗೆ ಬೆಟ್ಟಸಾಲಿನಲ್ಲಿ ಸುಮಾರು 4,400 ಕಿ.ಮೀ. ಸಾಗುವ ಟೂರ್ ಡಿವೈಡ್ ಎಂಬ ಸವಾರಿಯಿದೆ. ಅಲ್ಲಿಯೂ ಬಹಳ ಮಂದಿ ಹಿಂದೆ ಸ್ಪ್ರಿಂಗಿಲ್ಲದ ಸೈಕಲ್ಲಿನಲ್ಲೇ ಹೋಗುತ್ತಾರೆ. ನಿಮ್ಮ ಮಣ್ಣು ದಾರಿಗೂ ಅದರ ಅಗತ್ಯವಿಲ್ಲ.

ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಅದರಲ್ಲಿರುವುದು ಉಕ್ಕಿನ ಸುರುಳಿಯೋ ಗಾಳಿಯೋ ಕೇಳಿಕೊಳ್ಳಿ. ಸುರುಳಿಯನ್ನು ಹೆಚ್ಚು ತೂಕದ ಸವಾರರ ಅಳತೆಗೆ ಕೂರಿಸಿರುತ್ತಾರೆ, 54 ಕೆ.ಜಿ.ಯವರಿಗೆ ಅದು ಅಲ್ಲಾಡುವುದೇ ಕಷ್ಟ. ಗಾಳಿಯದಾದರೆ ನಿಮ್ಮ ತೂಕಕ್ಕೆ ಎಷ್ಟು ಬೇಕೋ ಅಷ್ಟು ತುಂಬಬಹುದು. ನೀವು ಹತ್ತಿ ಕೂತಾಗ ಅದರ ಚಲನೆಯ ಐದರಲ್ಲೊಂದು ಭಾಗ ತಗ್ಗಿದರೆ ಸರಿಯಾಗಿದೆ ಎಂದರ್ಥ. ಸುರುಳಿಯದೇ ಆಗಿದ್ದರೂ ಬೇಸರ ಬೇಡ. ಟೈರಿನ ಗಾಳಿ ಇಳಿಸಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಟೈರಿನ ಬಗ್ಗೆ ಯಾರೂ ಇಷ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. 2.1 ಅಥವಾ 2.2 ಇಂಚು ಅಗಲ, ನಡುವೆ ತಗ್ಗಾದ ಒತ್ತು ಗುಬ್ಬಿ, ಅಂಚಿನಲ್ಲಿ ಎತ್ತರದ ಗುಬ್ಬಿ, ಇಂಥದ್ದು ಟಾರಿಗೂ ಮಣ್ಣಿಗೂ ಆಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕೊಟ್ಟರೆ ಕಲ್ಲಿನಂತೆ ಗಾಳಿ ತುಂಬಿಬಿಡುತ್ತಾರೆ. ನಿಮ್ಮ ತೂಕಕ್ಕೆ, ಒಳಗೆ ಟ್ಯೂಬಿದ್ದರೆ 30 ಪಿ.ಎಸ್.ಐ. ಆಸುಪಾಸು ಸಾಕು, ಹಿಂದೆ ಒಂದೆರಡು ಹೆಚ್ಚಿರಲಿ. ವಾಲ್ವನ್ನೂ ನೋಡಿ. ಬೈಕು, ಕಾರಿನಂಥ ದಪ್ಪ ವಾಲ್ವಾದರೆ ಕೊಪ್ಪದ ಯಾವ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಯುತ್ತದೆ. ಪೆನ್ಸಿಲ್ಲಿನಂಥ ತೆಳು ಪ್ರೆಸ್ಟಾ ವಾಲ್ವಾದರೆ ಅಲ್ಲಿನ ಪೈಪು ಕೂರುವುದಿಲ್ಲ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಸಿಗುತ್ತದೆ, ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಬಿಡಿ.

ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಸಲೀಸಾಗಿ ತೂರಬೇಕು. ನಮ್ಮ ಕಡೆಯ ಕೆಂಪುಮಣ್ಣು ಒದ್ದೆಯಾದಾಗ ಅಡಿಕೆ ಸಿಪ್ಪೆ, ದರಗಿನ ಜೊತೆ ಸೇರಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಜಾಗವಿಲ್ಲದಿದ್ದರೆ ಹಿಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಕಡ್ಡಿಯಿಂದ ಕೆರೆದು ತೆಗೆಯುತ್ತ ಕೂತರೆ ಉಂಬಳಗಳಿಗೆ ಹಬ್ಬ. ಡಿಸೆಂಬರಿಗೆ ದಾರಿ ಒಣಗಿರುತ್ತದೆ, ಆದರೆ ನಿಮ್ಮ ಅಭ್ಯಾಸವೆಲ್ಲ ಈ ಮಳೆಯಲ್ಲೇ ತಾನೇ.

ಬ್ರೇಕು ಡಿಸ್ಕ್ ಇರಲಿ. ಘಾಟಿ ಇಳಿಯುವಾಗ ನೋಯುವುದು ಕೈಬೆರಳು. ಬ್ರೇಕ್ ಹಿಡಿಯ ಬುಡದಲ್ಲಿ ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿದರೆ ಹಿಡಿ ಹ್ಯಾಂಡಲ್ಲಿಗೆ ಹತ್ತಿರ ಬರುತ್ತದೆ. ಸಣ್ಣ ಕೈಯವರಿಗೆ ಇದು ದೊಡ್ಡ ಉಪಕಾರ.

ಉಳಿದ ದುಡ್ಡಿನಲ್ಲಿ ಮೊದಲು ಸೀಟು ಕೊಳ್ಳಿ. ದಪ್ಪ ಜೆಲ್ ಸೀಟಿಗೆ ಮರುಳಾಗಬೇಡಿ. ಒಂದು ಗಂಟೆಯಾದ ಮೇಲೆ ಅದು ತಗ್ಗಿ, ಒತ್ತಬಾರದ ಕಡೆ ಒತ್ತುತ್ತದೆ. ನಮ್ಮ ಭಾರವನ್ನು ಹೊರಬೇಕಾದವು ಕೂರುವ ಎರಡು ಮೂಳೆಗಳು. ಅವುಗಳ ಅಂತರ ಅಳೆಯಲು ಮನೆಯಲ್ಲೇ ದಾರಿಯಿದೆ. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಬೆಂಚಿನ ಮೇಲಿಟ್ಟು, ಕಾಲಿಗೆ ಗಿಡ್ಡ ಮಣೆ ಕೊಟ್ಟು, ತುಸು ಮುಂದೆ ಬಾಗಿ ಒಂದು ನಿಮಿಷ ಕೂರಿ. ಎದ್ದು ಅಂಗೈ ಆಡಿಸಿದರೆ ಎರಡು ಗುಳಿ ಸಿಗುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, ಎರಡರಿಂದ ಮೂರು ಸೆಂಟಿಮೀಟರ್ ಸೇರಿಸಿ. ಅದು ನಿಮ್ಮ ಸೀಟಿನ ಅಗಲ. ಹೆಂಗಸರಿಗೆ ಸಾಮಾನ್ಯವಾಗಿ ಅಗಲದ ಸೀಟೇ ಬೇಕಾಗುತ್ತದೆ, ಸೈಕಲ್ಲಿನ ಜೊತೆ ಬಂದದ್ದು ಹೆಚ್ಚಾಗಿ ಕಿರಿದಾಗಿರುತ್ತದೆ. ಪ್ಯಾಡ್ ಇರುವ ಚಡ್ಡಿ ಹಾಕಿ, ಒಳಗೆ ಬೇರೇನೂ ಬೇಡ, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಮೇಲೆ ಸಡಿಲ ಪ್ಯಾಂಟು ಹಾಕಿಕೊಂಡರೆ ಊರಿನ ಬೀದಿಯಲ್ಲಿ ಮುಜುಗರವೂ ಇರದು.

ಆಮೇಲೆ ಲೈಟು. 150 ಕಿ.ಮೀ.ಯನ್ನು ಗಂಟೆಗೆ ಹದಿಮೂರರಂತೆ ಹೋದರೂ ತುಳಿಯುವುದೇ ಹನ್ನೊಂದೂವರೆ ಗಂಟೆ. ಡಿಸೆಂಬರಿನ ಹಗಲು ಸರಿಸುಮಾರು ಅಷ್ಟೇ, ಊಟ ತಿಂಡಿ ನಿಲುಗಡೆ ಬೇರೆ. ಕತ್ತಲಲ್ಲೇ ಹೊರಡುತ್ತೀರಿ, ಕತ್ತಲಲ್ಲೇ ಮನೆ ಸೇರುತ್ತೀರಿ. ಹೆಲ್ಮೆಟ್ಟಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಗೇರು ಹಿಡಿದಿರುವ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ತುಂಡು ಸೈಕಲ್ ಮಗುಚಿದರೆ ಮೊದಲು ಮುರಿಯುತ್ತದೆ. ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ದಾರಿಯಲ್ಲಿ ಎಲ್ಲೂ ಸಿಗದು. ಈಗಲೇ ತರಿಸಿ ಚೀಲದಲ್ಲಿಡಿ.

ಅತ್ತೆಯ ಮಾತಿಗೆ ಬರುತ್ತೇನೆ. ಲೇಲ್ ವಿಲ್ಕಾಕ್ಸ್ ಎಂಬ ಅಮೆರಿಕದ ಹೆಣ್ಣುಮಗಳು 2016ರಲ್ಲಿ ಆ ದೇಶವನ್ನು ಅಡ್ಡ ದಾಟುವ ಟ್ರಾನ್ಸ್ ಆಮ್ ರೇಸಿನಲ್ಲಿ ಗಂಡಸರನ್ನೂ ಹಿಂದೆ ಹಾಕಿ ಮೊದಲಿಗಳಾಗಿ ಬಂದಳು. ಆದರೆ ಆ ಉದಾಹರಣೆ ಮನೆಯಲ್ಲಿ ಉಪಯೋಗಕ್ಕೆ ಬಾರದು, ನಾನು ಬಲ್ಲೆ. ಈ ವಯಸ್ಸಲ್ಲಿ ಯಾಕೆ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು, ಬಿದ್ದು ಕೈಕಾಲು ಮುರಿದುಕೊಂಡರೆ ಗತಿಯೇನು ಎಂಬ ಹೆದರಿಕೆ. ಅವರನ್ನು ಒಮ್ಮೆ ಜಗಲಿಗೆ ಕರೆದು ಬ್ರೇಕು, ಲೈಟು, ಹೆಲ್ಮೆಟ್ಟು ತೋರಿಸಿ. ಎಷ್ಟು ಹೊತ್ತಿಗೆ ಎಲ್ಲಿರುತ್ತೀರಿ, ಎಲ್ಲಿಂದ ಫೋನ್ ಮಾಡುತ್ತೀರಿ ಎಂದು ಬರೆದುಕೊಡಿ. ಅರ್ಧ ದಾರಿಯಲ್ಲಿ ಕೂತುಬಿಟ್ಟರೆ ಎಂದು ಕೇಳಿದ್ದೀರಿ. ಕೂತರೆ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಬರುತ್ತೀರಿ, ಅಷ್ಟೇ. ನಾನು ಎರಡು ಸಲ ಹಾಗೆ ಬಂದಿದ್ದೇನೆ. ಇಷ್ಟು ವರ್ಷ ಮಕ್ಕಳ ಫೀಸಿಗೆ, ಮನೆಯ ಹೆಂಚಿಗೆ, ಮದುವೆಯ ಉಡುಗೊರೆಗೆ ಎಣಿಸಿ ಕೊಟ್ಟ ಕೈ ಇದು. ಅದು ಒಮ್ಮೆ ತನಗೆಂದು 24,000 ಎಣಿಸಿದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಕೊಳ್ಳುವ ಮುನ್ನ ನಿಮ್ಮ ಚೀಲದಲ್ಲಿರುವ ಸ್ಕೇಲ್ ತಗೊಂಡು ಹೋಗಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು, ಅಲ್ಲಿಂದ ಇಪ್ಪತ್ತನಾಲ್ಕು ಪಿನ್ನು ಎಣಿಸಿ, ಕೊನೆಯದರ ನಡು 12 ಇಂಚಿನ ಗೆರೆಗೆ ಬಂದರೆ ಚೈನು ಚೆನ್ನಾಗಿದೆ. ಇಂಚಿನ ಹದಿನಾರರಲ್ಲೊಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟರಲ್ಲೊಂದು ಭಾಗ ಹೋಗಿದ್ದರೆ ಹಿಂದಿನ ಪಲ್ಲಚಕ್ರಗಳೂ ಸವೆದಿರುತ್ತವೆ, ಎರಡರ ಬೆಲೆಯನ್ನೂ 24,000ದಲ್ಲಿ ಇಳಿಸಿ ಕೇಳಿ. ಬೆಸುಗೆಯ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕೊಳ್ಳಬೇಡಿ, ವಾಪಸ್ ಬನ್ನಿ, ನನಗೆ ಬರೆಯಿರಿ, ಬೇರೆ ಹುಡುಕೋಣ. ಬಿರುಕಿಲ್ಲದಿದ್ದರೆ ಮನೆಗೆ ಅದರ ಮೇಲೆಯೇ ಬನ್ನಿ. ಮುಂದಿನ ಭಾನುವಾರ ಐವತ್ತು ಕಿಲೋಮೀಟರ್, ನಡುವೆ ಒಂದು ವಾರ ಬಿಟ್ಟು ಎಪ್ಪತ್ತು, ನವೆಂಬರ್ ಮುಗಿಯುವುದರೊಳಗೆ ಒಮ್ಮೆ ನೂರಹತ್ತು. ಘಾಟಿಯನ್ನು ಮಾತ್ರ ಅದಕ್ಕೂ ಮೊದಲು ಒಂದು ಬೆಳಿಗ್ಗೆ ಬೇರೆಯಾಗಿ ಹತ್ತಿ ನೋಡಿ, ತಿರುವು ಎಣಿಸಿಕೊಂಡು.